ತತ್ತಿಯ ಪುಡಿಗೆ ಬಂದ ತಡೆ

ನಮ್ಮ ಅತ್ತೆ ಹೊಸ್ತಿಲೊಳಗೆ ತತ್ತಿ ಬರಗೊಡುವವರಲ್ಲ. ಹಾಗಾಗಿ ಕರುವಿನ ಭೇದಿಗೆಂದು ದನದ ಡಾಕ್ಟರು ಬರೆದುಕೊಟ್ಟ ತತ್ತಿಪುಡಿಯ ಡಬ್ಬಿ ಕೊಟ್ಟಿಗೆಯಲ್ಲೇ ಇರುತ್ತಿತ್ತು. ಕರುಗಳಿಗೆ ಭೇದಿ ತರುವ ರೋಗದ ಲಸಿಕೆಯನ್ನು ಕೋಳಿಗಳಿಗೆ ಚುಚ್ಚುತ್ತಾರಂತೆ, ಅವುಗಳ ತತ್ತಿಯಲ್ಲಿ ಆ ರೋಗ ತಡೆಯುವ ಶಕ್ತಿ ಇಳಿಯುತ್ತದಂತೆ. ಆ ತತ್ತಿಯನ್ನೇ ಒಣಗಿಸಿ ಮಾಡಿದ ಪುಡಿ. ಹಿಂದಿನ ಮಳೆಗಾಲದಲ್ಲಿ ಅದನ್ನು ಹಾಲಿಗೆ ಕಲಸಿ ಕುಡಿಸಿದ್ದೆ, ಕರು ಉಳಿದಿತ್ತು. ನನಗೆ ಅಷ್ಟೇ ಸಾಕಾಗಿತ್ತು.

ಈ ಸಲ ಆಕಳು ಈಯುವ ಮೊದಲೇ ತಂದಿಡೋಣವೆಂದು ದುಮ್ಮವಾಡದಿಂದ ಬಸ್ಸು ಹತ್ತಿ ಕಲಘಟಗಿಯ ಹಿಂಡಿ ಅಂಗಡಿಗೆ ಹೋದೆ.

"ಅದು ಇಲ್ರೀ ಅಕ್ಕಾರ," ಅಂದ ಅಂಗಡಿಯವ. "ಎರಡು ಕಂಪನಿ ಬಡದಾಡಾಕತ್ತಾವ. ಈ ಪುಡಿ ಮಾಡೂದು ಮೊದಲ ನಾವ ಕಂಡ ಹಿಡದೇವಿ, ಪೇಟೆಂಟ್ ನಮ್ಮದು ಅಂತ ಒಂದು ಕಂಪನಿ ಕೇಸ್ ಹಾಕೇತಿ. ನೀವು ಒಯ್ತಿದ್ದದ್ದು ಇನ್ನೊಂದರದು. ಅದನ್ನ ಮಾರಬ್ಯಾಡ್ರಿ ಅಂತ ಕೋರ್ಟು ತಡಿ ಕೊಟ್ಟೇತಿ."

"ಹಂಗಾರ ಪೇಟೆಂಟ್ ಇದ್ದವರದ್ದರೆ ಕೊಡ್ರಿ."

"ಅವರದು ನಮ್ಮ ಕಡೆ ಬರೂದ ಇಲ್ರೀ."

"ಕರದ ಭೇದಿಗೂ ಕೋರ್ಟು ತಡಿ ಕೊಟ್ಟೇತೇನ್ರಿ?"

ಅವ ನಕ್ಕ. ನನಗೆ ನಗು ಬರಲಿಲ್ಲ. ಹಳೆ ಡಬ್ಬಿಯ ಮೇಲಿದ್ದ ಕಂಪನಿಯ ನಂಬರಿಗೆ ಫೋನ್ ಮಾಡಿದರೆ ಒಂದು ಒತ್ತಿ, ಎರಡು ಒತ್ತಿ ಎನ್ನುತ್ತ ಹಾಡು ಕೇಳಿಸಿದರು. ಕೊನೆಗೊಬ್ಬಳು, ವಿಷಯ ನ್ಯಾಯಾಲಯದಲ್ಲಿದೆ ಎಂದು ಹೇಳಿ ಇಟ್ಟುಬಿಟ್ಟಳು.

ಆಕಳು ಈಯಿತು. ಕೆಲವೇ ದಿನಕ್ಕೆ ಕರು ನೀರಿನಂತೆ ಭೇದಿ ಮಾಡಿಕೊಳ್ಳತೊಡಗಿತು. ಡಾಕ್ಟರು ಹೇಳಿದಂತೆ ಉಪ್ಪು ಸಕ್ಕರೆ ಕದಡಿದ ನೀರನ್ನು ಬಾಟಲಿಯಿಂದ ಕುಡಿಸುತ್ತ ಕೂತಿದ್ದಾಗ ಅಂಗಳದಲ್ಲಿ ಕಾರು ನಿಂತಿತು. ಇಳಿದವ, ತಾನು ಕೇಸು ಎದುರಿಸುತ್ತಿದ್ದ ಕಂಪನಿಯ ವಕೀಲ ಎಂದ. ಪುಡಿ ಒಯ್ಯುವವರ ಮನೆಗಳನ್ನು ಅಂಗಡಿಯವನೇ ಹೇಳಿ ಕಳಿಸಿದ್ದ.

"ನಿಮ್ಮ ಹಿರಿಯರು ಕರುಗಳಿಗೆ ತತ್ತಿ ಕುಡಿಸ್ತಿದ್ದರು ಅಂತ ಹೇಳಿದರೆ ಸಾಕ್ರಿ. ಇದು ಹಳೇ ಪದ್ಧತಿ ಅಂತ ತೋರಿಸಿದರೆ ಅವರ ಪೇಟೆಂಟ್ ಬೀಳತೈತಿ."

ಒಳಗಿನಿಂದ ಅತ್ತೆ ಹೊರಬಂದರು. "ಯಾರ ಮನ್ಯಾಗ ತತ್ತಿ? ನಮ್ಮ ಮನ್ಯಾಗ? ಯಾವಂವ ಹೇಳಿದ್ನಪಾ ನಿನಗ?"

ವಕೀಲ ಎರಡು ಹೆಜ್ಜೆ ಹಿಂದೆ ಸರಿದ. ನನಗೆ ತಲೆ ಕೆಟ್ಟುಹೋಗಿತ್ತು. "ಪುಡಿ ತಂದೀರೇನ್ರಿ?"

"ಅದನ್ನ ಕೊಡಾಕ ಬರೂದಿಲ್ರಿ, ತಡೆಯಾಜ್ಞೆ ಐತಲ್ರೀ."

"ಹಂಗಾರ ಇಲ್ಲಿ ಬಂದು ಕರದ ತಲಿ ಹಿಡೀರಿ."

ಪಾಪ, ಹಿಡಿದ. ಬಾಟಲಿ ಖಾಲಿಯಾಗುವಷ್ಟರಲ್ಲಿ ಅವನ ಪ್ಯಾಂಟು ನೋಡುವಂತಿರಲಿಲ್ಲ. ಅತ್ತೆ ಗೊಣಗುತ್ತಲೇ ಒಂದು ಕೊಡ ನೀರು ಕೊಟ್ಟರು. ತೊಳೆದುಕೊಂಡು, ಮತ್ತೆ ತತ್ತಿಯ ಮಾತೆತ್ತದೆ ಹೋದ.

ಕರು ಬದುಕಿತು, ಆದರೆ ಬಹಳ ಸೊರಗಿತು. ದಸರೆ ಕಳೆದ ಮೇಲೆ ಅಂಗಡಿಯವ ಫೋನ್ ಮಾಡಿದ: ಪುಡಿ ಬಂದಿದೆ, ಕಂಪನಿಗಳು ರಾಜಿಯಾಗಿವೆ. ಹೋಗಿ ನೋಡಿದರೆ ಅದೇ ಪುಡಿ, ಡಬ್ಬಿಯ ಬಣ್ಣ ಮಾತ್ರ ಬೇರೆ.

"ಕಡೀಕೆ ಯಾರು ಮೊದಲ ಕಂಡ ಹಿಡದಿದ್ರಂತ್ರಿ?"

"ಅದನ್ನ ಹೊರಗ ಹೇಳಬಾರದು ಅಂತ ಇಬ್ಬರೂ ಬರಕೊಂಡಾರಂತ್ರೀ ಅಕ್ಕಾರ."

ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಇನ್ನೊಂದು ಆಕಳು ಗಬ್ಬವಿತ್ತು. ಡಬ್ಬಿ ಕೊಂಡು ಬಸ್ಸಿಗೆ ಬಂದೆ.