ಯುಲ್ಕಾ ಮಲಗಿದ್ದ ಗುಡ್ಡ

ನಮ್ಮ ಅತ್ತೆ ಪಾವ್ಲಿನಾ ಫೆನ್ವರ್ತ್ ಮನೆತನದ ಕುಡಿಗೆ ಎದೆಹಾಲು ಕೊಟ್ಟವರು. ಆ ಮನೆತನದ ಕಥೆಯನ್ನು ಪಿಟ್ಸ್‌ಬರ್ಗಿನ ಜನ ಹೇಳುವ ರೀತಿಯೇ ಬೇರೆ. ಅಜ್ಜ ಬಟ್ಟೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಬ್ಯಾಂಕು ತೆರೆದ, ಮಗ ಅದನ್ನು ಬೆಳೆಸಿದ, ಮೊಮ್ಮಗ ಊರಿಗೆ ಚಿತ್ರಶಾಲೆ ಕೊಟ್ಟ. ಗಣಿಯಲ್ಲಿ ದುಡಿಯುವ ಸ್ಲೋವಾಕ್ ಮಂದಿಯಾದ ನಮಗೆ ಗೊತ್ತಿರುವುದು ಇಷ್ಟೇ: ಅವರು ಗಣಿಯ ಮಾಲೀಕರಿಗೆ ಸಾಲ ಕೊಟ್ಟರು, ಕೆಟ್ಟ ಕಾಲ ಬಂದಾಗ ಗಣಿಗಳನ್ನೇ ಇಟ್ಟುಕೊಂಡರು.

ಮೊಮ್ಮಗ ವಿನ್‌ಸ್ಲೋ ಹುಟ್ಟಿದಾಗ ಅವನ ತಾಯಿಗೆ ಹಾಲು ಬರಲಿಲ್ಲ. ಕಂಪನಿಯ ಡಾಕ್ಟರು ಗಣಿಯವರ ಮನೆಗಳನ್ನೆಲ್ಲ ಸುತ್ತಿ, ಆಗಷ್ಟೇ ಹೆತ್ತಿದ್ದ ಅತ್ತೆಯನ್ನು ಆರಿಸಿದರು. ಬದಲಿಗೆ ಮಾವನಿಗೆ ಗಣಿಯೊಳಗೆ ಇಳಿಯದೆ ನೆಲದ ಮೇಲೆಯೇ ಮಾಡುವ ಕೆಲಸ ಕೊಡುವ ಮಾತಾಯಿತು. ಹೆಣ್ಣುಕೂಸು ಯುಲ್ಕಾಳನ್ನು ನಾದಿನಿಯ ಮಡಿಲಿಗೆ ಹಾಕಿ, ಹಸುವಿನ ಹಾಲು ಕುಡಿಸಲು ಹೇಳಿ ಅತ್ತೆ ರೈಲು ಹತ್ತಿದರು. ಆ ಬೇಸಿಗೆಯಲ್ಲೇ ಭೇದಿಯಾಗಿ ಯುಲ್ಕಾ ತೀರಿಕೊಂಡಳು. ಸುದ್ದಿ ಫೆನ್ವರ್ತರ ದೊಡ್ಡಮನೆಗೆ ತಲುಪಿತು, ಅತ್ತೆಗೆ ತಲುಪಲಿಲ್ಲ. ದುಃಖಕ್ಕೆ ಹಾಲು ಬತ್ತೀತೆಂದು ಯಜಮಾನಿ ಬಚ್ಚಿಟ್ಟಿದ್ದಳು. ವಿನ್‌ಸ್ಲೋ ಗಂಜಿ ಕುಡಿಯಲು ಕಲಿತ ಮೇಲೆ ಅತ್ತೆ ಊರಿಗೆ ಬಂದು, "ಎಲ್ಲೇ ನನ್ ಕೂಸು?" ಎಂದಾಗ ನಾದಿನಿ ಗುಡ್ಡದ ಕಡೆ ಕೈ ತೋರಿಸಿದಳಂತೆ. ಗೋರಿಯ ಮೇಲೆ ಹುಲ್ಲು ಬೆಳೆದಿತ್ತು.

ಆಮೇಲೆ ಗಂಡುಮಕ್ಕಳು ಹುಟ್ಟಿದರು. ಕಿರಿಯವರಾದ ಮಿಖಾಲರ ಹೆಂಡತಿ ನಾನು.

ಗುಡ್ಡದ ನೆಲ ಚರ್ಚಿನದು, ಅದರಡಿಯ ಕಲ್ಲಿದ್ದಲು ಫೆನ್ವರ್ತರದು. ನಮ್ಮ ಕಡೆ ಹಾಗೇ, ಮೇಲಿನದು ಒಬ್ಬರಿಗೆ, ಕೆಳಗಿನದು ಇನ್ನೊಬ್ಬರಿಗೆ. ಯುದ್ಧ ಬಂದು ಬೇಡಿಕೆ ಏರಿದಾಗ, ಗುಡ್ಡಕ್ಕೆ ಆಸರೆಯಾಗಿ ಒಳಗೆ ಬಿಟ್ಟಿದ್ದ ಕಲ್ಲಿದ್ದಲಿನ ಕಂಬಗಳನ್ನೂ ಕಡಿಯಲು ಅಪ್ಪಣೆಯಾಯಿತು. ಗೋರಿಗಳು ಕುಸಿಯುವುದು ಖಂಡಿತ. ಪಾದ್ರಿಗಳು ಬೇಡಿಕೊಂಡರೂ ಯಾರೂ ಕಿವಿಗೊಡಲಿಲ್ಲ.

"ನಾನೇ ಹೋಗ್ತೀನಿ. ನನ್ನ ಎದೆ ಕಚ್ಚಿದೋನು, ನನ್ ಮಾತು ಕೇಳಲ್ವಾ?" ಎಂದರು ಅತ್ತೆ. ಜೊತೆಗೆ ನಾನೂ ದೊಡ್ಡಮನೆಗೆ ಹೋದೆ.

ವಿನ್‌ಸ್ಲೋ ಎದ್ದು ನಿಂತು ಬರಮಾಡಿಕೊಂಡ. ಚಹಾ ತರಿಸಿದ. "ಅಮ್ಮ ನಿಮ್ ವಿಷಯ ಹೇಳ್ತಿದ್ರು. ತುಂಬ ಗಟ್ಟಿ ಹೆಂಗಸು ಅಂತ."

ಅತ್ತೆ ಗೋರಿಯ ಸಂಗತಿ ಹೇಳಿದರು. ಅವನು ತಲೆ ತಗ್ಗಿಸಿ ಕೇಳಿದ. "ಛೆ, ನಂಗೆ ಗೊತ್ತೇ ಇರ್ಲಿಲ್ಲ. ಆದ್ರೆ ಗಣಿ ನನ್ನೊಬ್ಬನದಲ್ಲವಲ್ಲ ಅಮ್ಮಾ. ಮಂಡಳಿಯವರು ಎಲ್ಲಾ ಸೇರಿ ತೀರ್ಮಾನ ಮಾಡಿದ್ದು. ನಾನು ಹೇಗೆ ಸಾಕು ಅನ್ಲಿ?"

"ಆಗ್ಲೂ ನೀನು ಸಾಕು ಅಂದೋನಲ್ಲ ಬಿಡಪ್ಪಾ."

ಅವನ ಮುಖ ಕೆಂಪಾಯಿತು. ಮಾತು ತಿರುಗಿಸಲು ನಮ್ಮನ್ನು ಚಿತ್ರಗಳ ಕೋಣೆಗೆ ಕರೆದೊಯ್ದ. ಇಟಲಿಯಿಂದ ತರಿಸಿದ್ದ ಚಿತ್ರವೊಂದರಲ್ಲಿ ಮಾತೆ ಮರಿಯಮ್ಮ ಬಾಲಯೇಸುವಿಗೆ ಮೊಲೆಯೂಡಿಸುತ್ತಿದ್ದಳು. "ಇದನ್ನ ನೋಡಿದ್ರೆ ಮನಸ್ಸಿಗೆ ಸಮಾಧಾನ ಆಗುತ್ತೆ," ಎಂದ.

ಅತ್ತೆ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಬಹಳ ಹೊತ್ತು ನೋಡಿದರು. "ತನ್ನ ತಾಯಿ ಹಾಲೇ ಕುಡೀತಿದೆ. ಪುಣ್ಯವಂತ ಕೂಸು."

ಸ್ಟೇಷನ್ನಿಗೆ ಬಿಡಲು ಅವನು ಕಾರು ಕಳಿಸಿದ. ಅತ್ತೆ ಹತ್ತಲಿಲ್ಲ, ನಡೆದೇ ಹೋದೆವು.

ಕಂಬ ಕಡಿಯುವವರಲ್ಲಿ ನನ್ನ ಗಂಡನೂ ಇದ್ದರು. ಒಲ್ಲೆನೆಂದರೆ ಕಂಪನಿಯ ಮನೆ ಬಿಡಬೇಕಿತ್ತು. ಕೆಲಸ ಮುಗಿಸಿ ಬಂದ ಮಗನ ಬೆನ್ನಿನ ಮಸಿಯನ್ನು ಅತ್ತೆ ಎಂದಿನಂತೆ ಬಿಸಿನೀರಿನಲ್ಲಿ ಉಜ್ಜುತ್ತಿದ್ದರು. ಒಂದು ಸಂಜೆ ಕೇಳಿದರು:

"ಎಲ್ಲೀವರೆಗೆ ಬಂದ್ರೋ?"

"ಗೋರಿಗಳ ಕೆಳಗೇನೇ, ಅಮ್ಮಾ."

"ಮೆಲ್ಲಗೆ ಕಡಿಯೋ. ಮಲಗಿದಾಳೆ."

ನನ್ನ ಗಂಡ ಬಾನಿಯ ಮುಂದೆ ಕೂತಲ್ಲೇ ಬಿಕ್ಕಿದರು. ಅತ್ತೆ ಅಳಲಿಲ್ಲ, ನೀರು ಹುಯ್ಯುತ್ತಲೇ ಇದ್ದರು.

ಹಿಮ ಬೀಳುವ ಮೊದಲೇ ಗುಡ್ಡ ಕುಸಿಯಿತು. ಯುಲ್ಕಾಳಿದ್ದ ಕಡೆ ಹೊಂಡವಾಗಿ ನೀರು ನಿಂತಿತು. ಕಂಪನಿಯವರು ಮುಳ್ಳುತಂತಿ ಹಾಕಿ, ಅಪಾಯ, ಯಾರೂ ಬರಕೂಡದು ಎಂದು ಹಲಗೆ ನೆಟ್ಟರು.

ವಿನ್‌ಸ್ಲೋ ಸತ್ತಾಗ ಪತ್ರಿಕೆಗಳು ಅವನ ಔದಾರ್ಯವನ್ನು ಪುಟಗಟ್ಟಲೆ ಹೊಗಳಿದವು. ಅತ್ತೆ ಅದಕ್ಕೂ ಮುಂಚೆಯೇ ಹೋಗಿದ್ದರು. ಅವರನ್ನು ಗುಡ್ಡದಲ್ಲಿ ಹೂಳಲು ಬಿಡಲಿಲ್ಲ. ಹೊಳೆಯಾಚೆ, ಪರಿಚಯವೇ ಇಲ್ಲದವರ ನಡುವೆ ಮಣ್ಣು ಮಾಡಿ ಬಂದೆವು.