ಬೋರ್ಡೋ ಹೊಡೆಯದ ಎಲೆ

ಬೆಳಗ್ಗೆಯಿಂದ ಗೋಣಿಬೀಡಿನ ಸುತ್ತ ಅರ್ಧ ಚೀಲ ಕಾಫಿ ಎಲೆಗಾಗಿ ಅಲೆದು ಸುಸ್ತಾಗಿದ್ದೇನೆ ಸ್ನೇಹಿತರೇ. ನನ್ನ ಎಂ.ಫಾರ್ಮ್ ಥೀಸಿಸಿಗೆ ಆ ಎಲೆಯಿಂದ ಒಂದು ರಾಸಾಯನಿಕವನ್ನು ಬೇರ್ಪಡಿಸಬೇಕು. ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ತಾಗಿದ ಎಲೆಯನ್ನು ಲ್ಯಾಬಿನೊಳಗೇ ಬಿಡುವುದಿಲ್ಲ ಎಂದು ಗೈಡ್ ಮೇಡಂ ಹೇಳಿದ್ದಾರೆ.

ಮೊದಲ ತೋಟದ ಸಾಹುಕಾರರನ್ನು, "ಬೋರ್ಡೋ ಹೊಡೀದಿರೋ ಗಿಡ ಇದ್ಯಾ?" ಎಂದು ಕೇಳಿದ್ದೇ ತಪ್ಪಾಯಿತು.

"ನಾವು ತೋಟ ಪಾಳು ಬಿಟ್ಟಿದೀವಿ ಅಂತ ಯಾರಮ್ಮ ಹೇಳಿದ್ದು ನಿಂಗೆ? ಪಕ್ಕದವ್ರನ್ನ ಕೇಳು, ಅವ್ರು ಏನೂ ಹೊಡ್ಸಲ್ಲ."

ಪಕ್ಕದ ತೋಟದವರು ಇವರತ್ತಲೇ ಬೆರಳು ತೋರಿಸಿದರು. ನಮ್ಮ ತೋಟಕ್ಕಂತೂ ಪೂರ್ತಿ ಹೊಡೆಸಿಯಾಗಿದೆ ಎಂದು ಅಪ್ಪ ನಿನ್ನೆಯೇ ಹೇಳಿದ್ದರು.

ಸಂಜೆ ಖಾಲಿ ಚೀಲ ಹಿಡಿದು ಮನೆಗೆ ಬಂದು ಕೂತೆ. ಅಪ್ಪ ನನ್ನ ಮುಖ ನೋಡಿದರು. ಚೀಲ ತೆಗೆದುಕೊಂಡು ಮನೆಯ ಹಿಂದಿನ ಇಳಿಜಾರಿಗೆ ಹೋಗಿ, ಎಲೆ ತುಂಬಿ ತಂದಿಟ್ಟರು. ಒಂದರ ಮೇಲೂ ಬೋರ್ಡೋದ ನೀಲಿ ಕಲೆಯಿಲ್ಲ.

"ಆ ಕಡೆಗೆ ಹೊಡ್ಸೋಕೆ ಆಳು ಸಿಗ್ಲಿಲ್ಲ ಮಾರಾಯ್ತಿ" ಎಂದರು. ಆಮೇಲೆ ದನಿ ತಗ್ಗಿಸಿ, "ಥೀಸಿಸಲ್ಲಿ ನಮ್ಮೂರ ಹೆಸ್ರು ಹಾಕ್ಬೇಡ, ಬಾಳೂರಿಂದ ತಂದಿದ್ದು ಅಂತ ಬರಿ."

ಬಾಳೂರಿನ ಸ್ನೇಹಿತರು ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಮಕ್ಕಳು ಥೀಸಿಸ್ ಬರೆಯುವಾಗ ಗೋಣಿಬೀಡು ಎಂದು ಬರೆಸಿ.