ರೊಟ್ಟೆ, ಚಟ್ನೆ ಮತ್ತು ನನ್ನ ಬ್ಲಾಗು

ಇವತ್ತು ಬೆಳಿಗ್ಗೆ ಮುಂಡಗೋಡದಿಂದ ಒಂದು ಲಗ್ನಪತ್ರಿಕೆ ಬಂತು. ಮೂಲೆಗಳಿಗೆ ಅರಿಸಿನ ಹಚ್ಚಿದ್ದರು. ಮೂಗಿಗೆ ಹಿಡಿದು ಮೂಸಿದೆ. ನಗಬೇಡಿ, ಲಗ್ನಪತ್ರಿಕೆಯನ್ನು ಓದುವ ಮೊದಲು ಮೂಸುವ ಚಾಳಿ ನನಗೆ ಮೊದಲಿನಿಂದಲೂ ಇದೆ. ಒಳಗೆ "ತಾವು ಸಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಿ, ನಮ್ಮ ಆದರಾತಿಥ್ಯವನ್ನು ಸ್ವೀಕರಿಸಬೇಕಾಗಿ" ಎಂದಿತ್ತು. ಕಳಿಸಿದವನು ನನ್ನ ಸೋದರಮಾವನ ಮಗ. ನಿನ್ನೆ ಫೋನಿನಲ್ಲಿ ಅವನು ಹೇಳಿದ್ದು ಇಷ್ಟೇ: "ಬರ್ಲಿಲ್ಲಂದ್ರ ನೋಡ ಮತ್ತ, ಕಾಲ ಮುರೀತೇನಿ." ಕಾಲು ಮುರಿಯುವ ಆ ಪ್ರೀತಿ ಅಚ್ಚಾಗಿ ಬರುವಷ್ಟರಲ್ಲಿ ಆದರಾತಿಥ್ಯ ಆಗಿಬಿಟ್ಟಿತ್ತು. ಓದಿ ಜೋರಾಗಿ ನಕ್ಕೆ. ನಕ್ಕ ಮೇಲೆ ಸ್ವಲ್ಪ ನಾಚಿಕೆಯೂ ಆಯಿತು, ಯಾಕೆಂದರೆ ಇಂಥ ಕನ್ನಡವನ್ನು ಒಂದು ಕಾಲಕ್ಕೆ ದಾಂಡೇಲಿಯಲ್ಲಿ ಸಗಟಾಗಿ ತಯಾರಿಸುತ್ತಿದ್ದವಳು ನಾನೇ.

ಹೊಸ ಶತಮಾನ ಹುಟ್ಟಿ ಕೆಲವು ವರ್ಷಗಳಾಗಿದ್ದವು. ನಾನು ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಸೈಬರ್ ಕೆಫೆಯಲ್ಲಿ ಕೆಲಸಕ್ಕಿದ್ದೆ. ಒಂದು ಕಡೆ ಪರದೆ ಕಟ್ಟಿದ ಕ್ಯಾಬಿನ್ನುಗಳು, ಇನ್ನೊಂದು ಕಡೆ ಝೆರಾಕ್ಸ್ ಮಷಿನ್ನು, ನಡುವೆ ಲಗ್ನಪತ್ರಿಕೆ ಟೈಪ್ ಮಾಡುತ್ತ ಕೂತ ನಾನು. ಕರೆಂಟು ಹೋದಾಗ ಯುಪಿಎಸ್ಸು ಕುಂಯ್ ಕುಂಯ್ ಅನ್ನುತ್ತಿತ್ತು, ಕ್ಯಾಬಿನ್ನಿನ ಒಳಗಿದ್ದವರೂ ಹಾಗೇ ಅನ್ನುತ್ತಿದ್ದರು. ಕೆಲಸವಿಲ್ಲದ ಮಧ್ಯಾಹ್ನಗಳಲ್ಲಿ ಇಂಟರ್‌ನೆಟ್ಟಿನಲ್ಲಿ ಅಲೆದಾಡುವಾಗ ಕನ್ನಡದ ಬ್ಲಾಗುಗಳು ಕಣ್ಣಿಗೆ ಬಿದ್ದವು. ಯಾರು ಬೇಕಾದರೂ ಬರೆಯಬಹುದು, ಸಂಪಾದಕರಿಲ್ಲ, ಸ್ಟ್ಯಾಂಪು ಹಚ್ಚುವ ಹಂಗಿಲ್ಲ! ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿಯುತ್ತಾನಂತೆ. ನಾನು ಮಟಮಟ ಮಧ್ಯಾಹ್ನವೇ ಹಿಡಿದೆ. ನನ್ನ ಬ್ಲಾಗಿಗೆ 'ಭಾವಬಿಂದುವಿನ ಬೆನ್ನೇರಿ' ಎಂದು ಹೆಸರಿಟ್ಟೆ.

ಮನೆಗೆ ಹೋಗಿ ಮೊದಲು ಹೇಳಿದ್ದು ಕಾಕುಗೆ. ಕಾಕು ಅಂದರೆ ನನ್ನ ಕಾಕಾನ, ಎಂದರೆ ಚಿಕ್ಕಪ್ಪನ, ಹೆಂಡತಿ. ಅಪ್ಪ ಅವ್ವ ಮುಂಡಗೋಡದ ಕಡೆ ಹಳ್ಳಿಯಲ್ಲಿ ಹೊಲ ಮಾಡಿಕೊಂಡಿದ್ದರು, ನಾನು ಸಾಲಿ ಕಲಿಯಲು ದಾಂಡೇಲಿಗೆ ಬಂದವಳು ಕಾಕುವಿನ ಮಡಿಲಿಗೇ ಅಂಟಿಕೊಂಡೆ. ಹಣೆಗೆ ಮೂರು ಬೆರಳಿನ ವಿಭೂತಿ, ಬಾಯಲ್ಲಿ ಸದಾ ಒಂದು ಬೈಗುಳ, ಹೀಗೆ ಶಿವನನ್ನೂ ನನ್ನನ್ನೂ ಒಂದೇ ಉಸಿರಿನಲ್ಲಿ ಸಂಭಾಳಿಸುತ್ತಿದ್ದ ಹೆಣ್ಣುಮಗಳು. ಬ್ಲಾಗಿನ ಹೆಸರು ಕೇಳಿ ಅವಳು ಕೈಯಲ್ಲಿದ್ದ ಮೊರ ಕೆಳಗಿಟ್ಟಳು.

"ಯಾರವಾ ಬಿಂದು? ಪಾಪ, ಆಕಿ ಬೆನ್ನ ಯಾಕ ಏರೀದಿ?"

ಅಲ್ಲೇ ಎಚ್ಚೆತ್ತುಕೊಳ್ಳಬೇಕಿತ್ತು. ಆದರೆ ನನಗಾಗ ಸಾಹಿತಿಯ ಗಾಳಿ ಹೊಕ್ಕಿತ್ತು. ಬೆಂಗಳೂರು ಮೈಸೂರಿನ ಬ್ಲಾಗಿನವರು ಬರೆಯುವ ಹಾಗೆ ಬರೆದರೆ ಮಾತ್ರ ಅದು ಬರಹ, ನಮ್ಮ ಅಡುಗೆಮನೆಯ ಮಾತು ಬರೀ ಗದ್ದಲ ಎಂದು ಅದು ಹೇಗೋ ತಲೆಗೆ ಹೊಕ್ಕಿತ್ತು. ನಮ್ಮ ಸಂತೆಗೆ ಬನ್ನಿ, ಜೋಯಿಡಾದಿಂದ ಬಂದ ಹೆಂಗಸು ಕೊಂಕಣಿಯಲ್ಲಿ ಬೆಲೆ ಹೇಳುತ್ತಾಳೆ, ನಮ್ಮ ಗಡಿಯ ಕಡೆಯ ರಾಮನಗರದ ವ್ಯಾಪಾರಿ ಮರಾಠಿಯಲ್ಲಿ ಇಳಿಸುತ್ತಾನೆ, ಬಾಜೂಕಿನ ಅಂಗಡಿಯ ಚಾಚಾ ಉರ್ದುವಿನಲ್ಲಿ ನಗುತ್ತಾನೆ, ನಾವು ಎಲ್ಲದಕ್ಕೂ ಕನ್ನಡದಲ್ಲಿ ಜಗಳ ಕಾಯುತ್ತೇವೆ. ಇದನ್ನೆಲ್ಲ ಗುಡಿಸಿ ಹೊರಗೆ ಹಾಕಿ ಸ್ವಚ್ಛ ಕನ್ನಡ ಬರೆಯಲು ನಾನೊಂದು ಸೂತ್ರ ಕಂಡುಹಿಡಿದೆ. ನಮ್ಮ ಮನಿ ಅವರ ಮನೆ, ನಮ್ಮ ಎಣ್ಣಿ ಅವರ ಎಣ್ಣೆ, ನಮ್ಮ ಬ್ಯಾಡ ಅವರ ಬೇಡ. ಅಂದಮೇಲೆ ನಮ್ಮ 'ಇ' ಕಂಡಲ್ಲೆಲ್ಲ 'ಎ' ಹಾಕು, 'ಬ್ಯಾ' ಕಂಡಲ್ಲೆಲ್ಲ 'ಬೇ' ಹಾಕು, ಮುಗಿಯಿತು!

ಪರಿಣಾಮ ಏನಾಯಿತೆಂದು ನೀವೇ ಊಹಿಸಿ. ನಾನು ಬೇಗನ್ನು ಹೆಗಲಿಗೆ ಹಾಕಿಕೊಂಡು ಹುಬ್ಬಳ್ಳೆಗೆ ಹೋಗುತ್ತಿದ್ದೆ. ದಾರಿಯಲ್ಲಿ ಇಡ್ಲೆ ಚಟ್ನೆ ತಿನ್ನುತ್ತಿದ್ದೆ. ನನ್ನ ಟಾರ್ಚಿನ ಬೇಟರೆ ಮುಗಿಯುತ್ತಿತ್ತು. ಇದರ ಮೇಲೆ ಅಲ್ಲಲ್ಲಿ ಒಂದೊಂದು 'ಕಣ್ರೀ' ಉದುರಿಸುತ್ತಿದ್ದೆ, ಒಗ್ಗರಣೆಗೆ ಕರಿಬೇವು ಹಾಕಿದಂತೆ. ಮಿಕ್ಕ ಶಬ್ದಗಳು ಲಗ್ನಪತ್ರಿಕೆಯಿಂದ ಬರುತ್ತಿದ್ದವು.

ಕಾಕುವಿನ ಮೇಲೂ ಒಂದು ಬರಹ ಬರೆದೆ. ಪ್ರಾಣ ಸುರಿದು ಬರೆದೆ. "ಆಕೆಯ ಹಸ್ತದ ರೊಟ್ಟೆಯ ಕಂಪು ನನ್ನ ಎದೆಯಾಳದ ಮೌನಸರೋವರದಲ್ಲಿ ತರಂಗಗಳನ್ನೆಬ್ಬಿಸುತ್ತಿತ್ತು ಕಣ್ರೀ" ಎಂದು ಶುರುವಾಗುತ್ತಿತ್ತು. ಒಬ್ಬರೇ ಒಬ್ಬರು ಪ್ರತಿಕ್ರಿಯೆ ಹಾಕಿದ್ದರು: "ಚೆನ್ನಾಗಿದೆ. ರೊಟ್ಟೆ ಎಂದರೆ ಏನು? ನಿಮ್ಮ ಕಡೆಯ ಸಿಹಿತಿಂಡಿಯೇ?" ಹೌದು ಎಂದು ಉತ್ತರಿಸಿಬಿಟ್ಟೆ. ಓದುಗರ ಮನಸ್ಸು ಯಾಕೆ ಮುರಿಯಬೇಕು!

ಆ ಬರಹವನ್ನು ಪ್ರಿಂಟ್ ತೆಗೆದುಕೊಂಡು ಹೋಗಿ, ಒಲೆಯ ಮುಂದೆ ಕೂತು ಕಾಕುಗೆ ಓದಿ ಹೇಳಿದೆ. ಹೆಸರು ಹಾಕಿರಲಿಲ್ಲ. ಅವಳೇ ಗುರುತು ಹಿಡಿದು, ಕಣ್ಣೊರೆಸಿಕೊಂಡು, ಲಟಿಕೆ ಮುರಿದು ನನ್ನ ದೃಷ್ಟಿ ತೆಗೆಯಲಿ ಎಂಬ ಆಸೆ ನನ್ನದು. ಕಾಕು ಕೊನೆಯವರೆಗೆ ಕೇಳಿದಳು. ನಿಟ್ಟುಸಿರು ಬಿಟ್ಟಳು.

"ಪಾಪ. ಯಾವಾಗ ತೀರಿಕೊಂಡ್ಳು?"

"ಯಾರು?"

"ಆಕೀನ, ರೊಟ್ಟಿ ಬಡಿಯಾಕಿ. ಚಲೋ ಹೆಣಮಗಳ ಇದ್ದಂಗ ಕಾಣತೈತಿ."

"ಕಾಕು, ಅದು ನೀನ!"

ಅವಳ ಕೈ ಹಿಟ್ಟಿನಲ್ಲೇ ನಿಂತಿತು. ಸಿಟ್ಟಾಗುತ್ತಾಳೆ ಅಂದುಕೊಂಡೆ. ಅವಳು ಸೆರಗು ಸರಿಮಾಡಿಕೊಂಡು, ಕತ್ತು ನೆಟ್ಟಗೆ ಮಾಡಿ, ಮಠದ ಪ್ರವಚನದ ಧಾಟಿಯಲ್ಲಿ ಹೇಳಿದಳು: "ಕುವರಿಯೇ, ಭೋಜನವು ಸಿದ್ಧವಾಗಿದೆ. ಆಗಮಿಸುವಂಥವಳಾಗು."

ತಮಾಷೆ ಎಂದು ಹೊಟ್ಟೆ ಹಿಡಿದುಕೊಂಡು ನಕ್ಕೆ. ಮರುದಿನವೂ ಅದೇ. "ಕುವರಿಯೇ, ಚಹಾವನ್ನು ಸೇವಿಸುವೆಯಾ?" ಹಾಲು ಹಾಕಲು ಬಂದ ಗೌಳಿಗೆ, "ಅಯ್ಯಾ, ಕ್ಷೀರದಲ್ಲಿ ಜಲವನ್ನು ಬೆರೆಸತಕ್ಕದ್ದಲ್ಲ" ಎಂದಳು. ಪೊಲೀಸರಿಗೆ ಅರ್ಜಿ ಕೊಡುತ್ತಿದ್ದಾಳೆಂದು ತಿಳಿದು ಅವನು ಅವತ್ತಿನಿಂದ ಗಟ್ಟಿ ಹಾಲು ಹಾಕಲಿಕ್ಕೆ ಹತ್ತಿದ. ಕಾಕಾ ನನ್ನನ್ನು ಪಡಸಾಲೆಗೆ ಕರೆದು ಪಿಸುಗುಟ್ಟಿದರು: "ಏನಾಗೇತಿ ಈಕೀಗೆ? ಮೈಯಾಗ ದೇವರ ಬಂದಾವೇನು?"

ದಿನ ಕಳೆದಂತೆ ನಗು ಹುಳಿಯಾಯಿತು. ಒಂದು ಸಂಜೆ ನನ್ನ ಕೈತಪ್ಪಿ ಮೊಸರಿನ ಗಡಿಗೆ ಬಿದ್ದು ಚೂರಾಯಿತು. ಎಂದಿನ ಕಾಕು ಆಗಿದ್ದರೆ "ಏ ಖೋಡಿ, ಕಣ್ಣ ಎಲ್ಲಿ ಒತ್ತಿ ಇಟ್ಟೀದಿ?" ಎಂದು ಓಣಿಗೆ ಕೇಳುವ ಹಾಗೆ ಕೂಗುತ್ತಿದ್ದಳು. ನಾನು ಹೆಗಲು ಕುಗ್ಗಿಸಿ ಕಾದು ನಿಂತೆ. "ಚಿಂತಿಸದಿರು ಮಗಳೇ" ಎಂದು ಬಟ್ಟೆ ತಂದು ನೆಲ ಒರೆಸಿದಳು. ನನಗೆ ಅಳುವೇ ಬಂತು. ಖೋಡಿ ಎನ್ನುವುದು ನಮ್ಮ ಕಡೆ ಬೈಗುಳವೇ ನಿಜ, ಆದರೆ ಪರಕೀಯರಿಗೆ ಯಾರೂ ಅಷ್ಟು ಸಲಿಗೆಯಿಂದ ಹಾಗೆ ಅನ್ನುವುದಿಲ್ಲ. ನಾನು ಆ ಮನೆಯಲ್ಲಿ ಬೀಗರಂತೆ ಆಗಿಬಿಟ್ಟಿದ್ದೆ. ನನ್ನ ಕಾಕು ನನಗೆ ಬೇಕಾಗಿದ್ದಳು.

"ಯಾಕ ಹಿಂಗ ಮಾಡ್ತಿ ಕಾಕು? ನನ್ನ ಬೈಯಾದ್ರೂ ಬೈ" ಎಂದೆ.

"ಮಗಳೇ, ನೀನು ನನ್ನ ರೊಟ್ಟೆಯನ್ನು ಬರೆದಿರುವೆ. ನನ್ನ ಬಾಯಿಯನ್ನು ಬರೆದಿಲ್ಲ" ಎಂದಳು ಕಾಕು. 'ರೊಟ್ಟೆ' ಎನ್ನುವಾಗ ಮಾತ್ರ ಸ್ವಲ್ಪ ತುಟಿ ನಡುಗಿತು. ನಗುವಿಗೋ ನೋವಿಗೋ ತಿಳಿಯಲಿಲ್ಲ.

ಮರುದಿನ ಕೆಫೆಯಲ್ಲಿ ಕೂತು ಬರೆಯತೊಡಗಿದೆ. ಬೆರಳು ತಾನಾಗಿ ಸರೋವರದ ಕಡೆ ಓಡುತ್ತಿತ್ತು, ಎಳೆದು ತರುತ್ತಿದ್ದೆ. "ನಮ್ಮ ಕಾಕು ರೊಟ್ಟಿ ಬಡಿಯುವಾಗ ಬೈಯುತ್ತಾಳೆ. ರೊಟ್ಟಿಗೂ ಬೈಯುತ್ತಾಳೆ, ನನಗೂ ಬೈಯುತ್ತಾಳೆ. ರೊಟ್ಟಿ ಉಬ್ಬುತ್ತದೆ, ನಾನೂ ಉಬ್ಬುತ್ತೇನೆ." ಇಷ್ಟು ಬರೆದಮೇಲೆ ನನಗೇ ನಗು ಬಂತು. ಲಗ್ನಪತ್ರಿಕೆ ಮಾಡಿಸಲು ಬಂದವರು ಬಾಗಿಲಲ್ಲಿ ನಿಂತಿದ್ದರು. "ಸ್ವಲ್ಪ ತಡೀರಿ, ಕಾಕು ಮಾತಾಡಾಕತ್ತಾಳ" ಎಂದುಬಿಟ್ಟೆ! ಅವರು ಸುತ್ತಮುತ್ತ ನೋಡಿದರು. ಬರಹದಲ್ಲಿ ನಾವು ಗಣೇಶಗುಡಿಗೆ ಹೋದ ಸಂಗತಿಯೂ ಬಂತು. ಅಲ್ಲಿ ಕಾಳಿ ನದಿಯಲ್ಲಿ ಪೇಟೆಯ ಜನ ಬಣ್ಣದ ಜಾಕೀಟು ತೊಟ್ಟು, ರಬ್ಬರಿನ ದೋಣಿಯಿಂದ ನೀರಿಗೆ ಬಿದ್ದು ಕಿರುಚುವುದನ್ನು ಕಾಕು ದಂಡೆಯ ಮೇಲೆ ನಿಂತು ಕಣ್ಣು ಬಿಟ್ಟು ನೋಡಿದ್ದಳು.

ಮತ್ತೆ ಒಲೆಯ ಮುಂದೆ ಕೂತೆ. ಕಾಕು ಅತ್ತ ಮುಖ ಮಾಡಿ ರೊಟ್ಟಿ ತಿರುವುತ್ತಿದ್ದಳು. ಸರೋವರ ಬರಲಿಲ್ಲ, ಕಣ್ರೀ ಬರಲಿಲ್ಲ. ಗಣೇಶಗುಡಿಯ ಭಾಗಕ್ಕೆ ಬಂದೆ. "ಆಗ ಕಾಕು ಅಂದಳು: 'ನಮ್ಮೂರಾಗ ಎಮ್ಮಿ ಪುಕಟ ಮುಳಗತಾವ, ಇವು ರೊಕ್ಕಾ ಕೊಟ್ಟ ಮುಳಗತಾವ ನೋಡ...'"

"ಸುಳ್ಳ!" ಕಾಕು ಗರ್ರನೆ ತಿರುಗಿದಳು. "ನಾ ಎಮ್ಮಿ ಅಂದೇ ಇಲ್ಲ. ಕ್ವಾಣ ಅಂದಿದ್ದೆ. ಖೋಡಿ, ಬರಿಯೂದಿದ್ರ ಬರೋಬ್ಬರಿ ಬರಿ!"

'ನಾ' ಅಂದಳು! 'ಖೋಡಿ' ಅಂದಳು! ಖುಷಿಗೆ ಎದ್ದು ಕುಣಿದೆ. ಕೈಯಲ್ಲಿದ್ದ ಕಾಗದ ಹಿಟ್ಟಿನ ಪರಾತದಲ್ಲಿ ಬಿತ್ತು, ಅದಕ್ಕೆ ಬೇರೆ ಬೈಸಿಕೊಂಡೆ. ಆ ಹೊತ್ತಿನಲ್ಲಿ ಯಾರಾದರೂ ನನಗೆ ದೊಡ್ಡ ಪ್ರಶಸ್ತಿ ತಂದು ಕೊಟ್ಟಿದ್ದರೂ ಆಮೇಲೆ ಬರ್ರಿ ಎಂದು ಕಳಿಸುತ್ತಿದ್ದೆ. ಎಮ್ಮೆಯನ್ನು ಕೋಣವಾಗಿ ತಿದ್ದಿ ಬ್ಲಾಗಿಗೆ ಹಾಕಿದೆ. ಬಿಂದುವಿನ ಬೆನ್ನಿನಿಂದಲೂ ಅವತ್ತೇ ಇಳಿದೆ. ಮಂಡ್ಯದ ಕಡೆಯ ಒಬ್ಬ ಹೆಣ್ಣುಮಗಳು "ನಿಮ್ಮ ಕಾಕು ಥೇಟ್ ನಮ್ಮತ್ತೆ ಥರಾನೇ" ಎಂದು ಬರೆದಳು. ಓದಿ ಹೇಳಿದರೆ ಕಾಕು ಮೂಗು ಮುರಿದಳು: "ಆಕಿ ಅತ್ತಿ ನನ್ನಂಗ ಇರಬಹುದು. ನಾ ಯಾರಂಗೂ ಇಲ್ಲ."

ಆ ಬ್ಲಾಗು ಈಗ ಪಾಳುಬಿದ್ದಿದೆ. ಕಾಕು ಮಾತ್ರ ಗಟ್ಟಿಯಾಗಿದ್ದಾಳೆ, ಕೂದಲು ಬೆಳ್ಳಗಾಗಿವೆ ಅಷ್ಟೇ. ಈ ಪ್ರಬಂಧವನ್ನು ಈಗತಾನೆ ಅವಳ ಎದುರಿಗೇ ಕೂತು ಓದಿ ಹೇಳಿದೆ. ಒಂದು ಕಡೆಯೂ ಅಡ್ಡ ಬಾಯಿ ಹಾಕಲಿಲ್ಲ.

"ಮುಗೀತೇನು?" ಎಂದಳು. "ಇಷ್ಟ ವರ್ಷ ನೀ ನನ್ನ ಬರದಿ. ಈಗ ನಾ ನಿನ್ನ ಬರಸ್ತೇನಿ. ಬರಕೋ."

ಫೋನು ತೆಗೆದು ಹೊಸ ಪುಟ ಬಿಚ್ಚಿದೆ. ಕಾಕು ಗಂಟಲು ಸರಿಮಾಡಿಕೊಂಡಳು.

"ನಮ್ಮ ಮನ್ಯಾಗ ಒಂದ ಹುಡುಗಿ ಐತಿ. ಅಗದೀ ಖೋಡಿ. ಆದ್ರ ನಂದು."

ಒಂದಕ್ಷರ ತಿದ್ದದೆ ಬರೆದುಕೊಂಡೆ.

"ಬರದೀ? ಹಂಗಾರ ಓದ, ಕೇಳೂಣು" ಎಂದಳು.